ಕೊನೆಯ ಪುಟದ ಬಾಗಿಲು

"ಬಾಗಿಲಿಗೆ ಅಗುಳಿ ಹಾಕಿರಲೇ ಇಲ್ಲ. ನೀವೇ ತಳ್ಳಲಿಲ್ಲ."

ವಿಮರ್ಶಕಿ ಆ ಸಾಲನ್ನು ಮೈಕಿನಲ್ಲಿ ಓದಿ ಪುಸ್ತಕ ಮುಚ್ಚಿದರು. ಸಭೆ ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿ ಕೂತಿದ್ದ ಪ್ರಕಾಶಕಿಯ ಕೈಗಳು ಮಾತ್ರ ಮಡಿಲಿನಿಂದ ಮೇಲೇಳಲಿಲ್ಲ. ಆ ಸಾಲು ಬರೆದವಳು ಅವಳೇ. ಲೇಖಕರಿಗೆ ಅದು ಗೊತ್ತಾಗಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದಾರೋ ತಿಳಿಯದು.

ಲೇಖಕರು ಹಿಂದಿನ ಸಾಲಿನ ಮೂಲೆ ಹಿಡಿದಿದ್ದರು. ವೇದಿಕೆಗೆ ಕರೆದಾಗ, "ನನ್ನನ್ನೇನು ಅಲ್ಲಿ ಕೂರಿಸ್ತೀರಿ, ಬಿಡಿ" ಎಂದು ಕೈಯಾಡಿಸಿಬಿಟ್ಟಿದ್ದರು.

ಅಕ್ಕ-ತಮ್ಮ ಸೇರಿ ನಡೆಸುವ ಪುಟ್ಟ ಪ್ರಕಾಶನ ಅದು. ಹೊಸಬರ ಪುಸ್ತಕ ಹಾಕುತ್ತಾರೆಂಬ ಹೆಸರಿತ್ತು. ಹಿಂದಿನ ವರ್ಷ ಒಂದು ದಿನ ಆ ಮನುಷ್ಯ ಕಾಗದದ ಕಟ್ಟು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಜೀವಮಾನವೆಲ್ಲ ಲಾರಿ ಓಡಿಸಿದವರು. ಕಟ್ಟಿನ ಮೇಲೆ ಹೆಸರಿನ ಬದಲು ಒಂದು ಕಾವ್ಯನಾಮವಿತ್ತು. ಅದೇ ಇರಲಿ ಎಂದರು.

"ಲಾರಿ ಓಡಿಸ್ತಾ ಇದನ್ನೆಲ್ಲ ಯಾವಾಗ ಬರೆದ್ರಿ?" ಪ್ರಕಾಶಕಿ ಬೆರಗಾಗಿ ಕೇಳಿದ್ದಳು.

"ದಾರೀಲಿ ಬರೆಯೋಕೆ ಎಲ್ಲಾಗತ್ತಮ್ಮಾ? ನಮ್ಮನೇಲಿ ಬರೆದಿದ್ದು."

ಅವಳು ಒಂದೇ ಪಟ್ಟಿಗೆ ಓದಿ ಮುಗಿಸಿದಳು. ಲಾರಿ ಚಾಲಕನೊಬ್ಬನ ಹೆಂಡತಿಯ ಕಥೆ. ಮಗುವಿಗೆ ಜ್ವರ ಏರಿದೆ, ಕೂಡಲೇ ಬಾ ಎಂದು ದಾರಿಯಲ್ಲಿದ್ದ ಗಂಡನಿಗೆ ಸುದ್ದಿ ಮುಟ್ಟುತ್ತದೆ. ಅವನು ಸರಕು ಇಳಿಸಿಯೇ ತಿರುಗುತ್ತಾನೆ. ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಗಂಡಸೊಬ್ಬ ಹೆಣ್ಣಿನ ಒಳಗನ್ನು ಇಷ್ಟು ಬಲ್ಲನೇ ಎಂದು ಅವಳಿಗೆ ಮೈ ಜುಮ್ಮೆಂದಿತ್ತು.

ಕೊನೆಯ ಪುಟ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಗಂಡ ಬಾಗಿಲು ಬಡಿಯುತ್ತಾನೆ. ಹೆಂಡತಿ ಎದ್ದು ಹೋಗಿ ಅಗುಳಿ ಹಾಕುತ್ತಾಳೆ. ಅಷ್ಟೇ.

ಇಷ್ಟು ಕಲ್ಲು ಮನಸ್ಸೇ? ಓದಿದವರು ಪುಸ್ತಕ ಬಿಸಾಡಿಯಾರು. ತಿದ್ದುವಾಗ ಒಂದು ಸಂಜೆ ಅವಳು ಪೆನ್ನು ಹಿಡಿದು ಬಾಗಿಲನ್ನು ತೆರೆಸಿಬಿಟ್ಟಳು. ಅಗುಳಿಯ ಆ ಮಾತನ್ನು ಹೆಂಡತಿಯ ಬಾಯಲ್ಲಿಟ್ಟು ಗಂಡನನ್ನು ಒಳಗೆ ಕರೆಸಿದಳು. ಅವಳ ಕೈಯಿಂದ ಯಾವತ್ತೂ ಅಂಥ ಸಾಲು ಬಂದಿರಲಿಲ್ಲ.

ಕೇಳಿಯೇ ಅಚ್ಚಿಗೆ ಕಳಿಸಬೇಕೆಂದು ಕರಡನ್ನು ಅವರ ಮನೆಗೆ ಕಳಿಸಿದ್ದಳು. ಅವಳು ಹಾಕಿದ್ದ ಗಂಟು ಹಾಗೇ ಇದ್ದು ಕಟ್ಟು ವಾಪಸು ಬಂತು. ಫೋನಿನಲ್ಲಿ, "ಅದನ್ನು ನೋಡೋಕೆ ನನ್ನ ಕೈಲಿ ಆಗಲ್ಲಮ್ಮಾ. ನೀವು ಮಾಡಿದ್ದೇ ಸರಿ" ಎಂದರು. ಕೊನೆ ಬದಲಾಗಿದೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ನಂಬಿದವರ ಬೆನ್ನಿಗೆ ಚೂರಿ ಹಾಕಿದಂತಾಯಿತು.

ಪುಸ್ತಕ ಗೆದ್ದಿತು. ಹೊಗಳಿದವರೆಲ್ಲ ಹೊಗಳಿದ್ದು ಆ ಕೊನೆಯನ್ನೇ. ಪ್ರತಿ ಹೊಗಳಿಕೆಗೂ ಅವಳ ಒಳಗೆ ಏನೋ ಹಿಗ್ಗುತ್ತಿತ್ತು; ಹಿಗ್ಗಿದ್ದಕ್ಕೇ ನಾಚಿಕೆಯಾಗುತ್ತಿತ್ತು. ಈಗ ಎರಡನೆಯ ಮುದ್ರಣ ಹೊರಡುವುದರಲ್ಲಿತ್ತು.

"ಇವತ್ತು ಹೇಳಿಬಿಡ್ತೀನಿ ಕಣೋ," ಎಂದು ಬೆಳಿಗ್ಗೆ ತಮ್ಮನೆದುರು ಅಂದಿದ್ದಳು.

ಪುಸ್ತಕದ ಪೆಟ್ಟಿಗೆ ಕಟ್ಟುತ್ತಿದ್ದ ತಮ್ಮ ತಲೆ ಎತ್ತಿದ. "ಅಕ್ಕಾ, ಅವರು ಖುಷಿಯಾಗಿದಾರೆ. ನಿನ್ನ ಮನಸ್ಸು ಹಗುರ ಆಗ್ಲಿ ಅಂತ ಅವರ ನೆಮ್ಮದಿ ಯಾಕೆ ಕೆಡಿಸ್ತೀಯ?"

"ಅವರ ಪುಸ್ತಕ ಅದು. ನನ್ನದಲ್ಲ."

ಸಭೆ ಕರಗಿತು. ಅವಳ ತಮ್ಮ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಲೇಖಕರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ಬಂದರು. ಅದರ ಕೊನೆಯ ಹಾಳೆಗಳು ಮುಟ್ಟಿ ಮುಟ್ಟಿ ಮಾಸಿದ್ದವು.

"ಅಚ್ಚಾದ ಮೇಲೇ ನಾನು ಧೈರ್ಯ ಮಾಡಿ ಓದಿದ್ದು," ಎಂದರು. "ಈಗ ದಿನಾ ಆ ಪುಟ ಓದ್ತೀನಿ. ಓದಿ ಮಲಗಿದ್ರೆ ನಿದ್ದೆ ಬರತ್ತೆ. ಎಷ್ಟೋ ವರ್ಷದ ಮೇಲೆ ಬರ್ತಿರೋ ನಿದ್ದೆ ಅಮ್ಮಾ ಇದು. ನಿಮ್ಮ ಋಣ ತೀರಿಸೋಕಾಗಲ್ಲ."

"ಇನ್ನೊಂದು ಬರೆದುಕೊಡಿ, ತೀರತ್ತೆ," ಎಂದಳು, ನಗಲು ನೋಡುತ್ತಾ.

"ಇನ್ನು ಬರೆಯೋದು ಎಲ್ಲಿ ಬಂತು." ಅವರು ಕಿಟಕಿಯ ಕಡೆ ನೋಡಿದರು.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ತನ್ನಿಂದಲೇ ಅವರು ಬರೆಯುವುದನ್ನು ಬಿಟ್ಟರು ಎನ್ನಿಸಿತು. ತಮ್ಮ ದೂರದಿಂದಲೇ ಬೇಡವೆಂದು ತಲೆಯಾಡಿಸಿದ. ಅವಳು ಅತ್ತ ನೋಡಲಿಲ್ಲ.

"ನನ್ನಿಂದ ದೊಡ್ಡ ತಪ್ಪಾಗಿದೆ," ಎಂದಳು. "ಆ ಕೊನೆ ನಿಮ್ಮದಲ್ಲ ಅಂತ ನಿಮಗೂ ಗೊತ್ತು. ಹೇಳದೆ ಕೇಳದೆ ನಾನೇ ಬರೆದು ಸೇರಿಸಿದೆ. ನೀವು ದೊಡ್ಡ ಮನಸ್ಸು ಮಾಡಿ ಒಂದು ಮಾತೂ ಆಡಲಿಲ್ಲ. ಮೂಲದಲ್ಲಿ ಅವಳು ಬಾಗಿಲು ತೆಗೆಯೋದಿಲ್ಲ, ಅಗುಳಿ ಹಾಕ್ತಾಳೆ. ಮುಂದಿನ ಮುದ್ರಣದಲ್ಲಿ ಅದನ್ನೇ ಹಾಕ್ತೀನಿ. ನನ್ನನ್ನ ಕ್ಷಮಿಸಿಬಿಡಿ."

ಹೇಳಿ ಮುಗಿಸಿದಾಗ ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅವರು ಬಯ್ಯಲಿಲ್ಲ. ಅವಳ ತಮ್ಮ ಓಡಿ ಬಂದು ತಂದಿಟ್ಟ ಕುರ್ಚಿಯ ಬೆನ್ನನ್ನು ತಡವಿ ಹಿಡಿದು ಮೆಲ್ಲಗೆ ಕೂತರು. ಪುಸ್ತಕದ ಕೊನೆಯ ಪುಟ ತೆರೆದರು. ಆ ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿ ಬರೆದದ್ದು ಯಾವ ಭಾಷೆಯೋ ಎಂಬಂತೆ ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿದರು.

"ಹಾಗಾದ್ರೆ ಇದನ್ನ ಬರೆದಿಟ್ಟು ಹೋದ ನನ್ನ ಹೆಂಡತಿ... ಕೊನೆಗೂ ನನ್ನನ್ನ ಕ್ಷಮಿಸಲೇ ಇಲ್ವಾ, ಅಮ್ಮಾ?"