ಆರೂಕಾಲು

ಕಣ್ಣು ಬಿಟ್ಟಾಗ ಗೋಡೆ ಗಡಿಯಾರದಲ್ಲಿ ಆರೂಕಾಲು. ಕಿಟಕಿಯಾಚೆ ಮಸುಕು ಬೆಳಕು. ಅಕ್ಕ ದಡಕ್ಕನೆ ಎದ್ದು ಕೂತಳು. ಆರು ಗಂಟೆಗೆ ತಂಗಿಯನ್ನು ಹೆರಿಗೆ ಆಪರೇಷನ್ನಿಗೆ ಒಳಗೆ ಕರೆದೊಯ್ಯುತ್ತೇವೆಂದು ಡಾಕ್ಟರು ಹೇಳಿದ್ದರು. ಬಾಗಿಲವರೆಗೂ ಕೈ ಹಿಡಿದುಕೊಂಡು ಬರುತ್ತೇನೆಂದು ಮಾತು ಕೊಟ್ಟವಳು ಇವಳು. ಅದಕ್ಕೆಂದೇ ಎರಡು ವಿಮಾನ ಬದಲಿಸಿ, ಭೂಮಿಯ ಅರ್ಧ ಸುತ್ತು ಹಾಕಿ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಐದೇ ನಿಮಿಷ ಎಂದು ತಂಗಿಯ ಮನೆಯ ಸೋಫಾದ ಮೇಲೆ ಒರಗಿದ್ದಷ್ಟೇ ನೆನಪು.

“ಅಯ್ಯೋ, ರಾತ್ರಿಯೆಲ್ಲಾ ಹೆಣದ ಹಾಗೆ ಬಿದ್ಕೊಂಡಿದ್ದೀನಲ್ಲ!”

ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಾಗಿಲ ಬಳಿ ಕಟ್ಟಿಟ್ಟಿದ್ದ ಆಸ್ಪತ್ರೆಯ ಚೀಲವೂ ಇಲ್ಲ. ಫೋನು ಚಾರ್ಜಿಲ್ಲದೆ ಸತ್ತಿತ್ತು. ಪ್ರಪಂಚ ಮುಳುಗಿದರೂ ಹಲ್ಲುಜ್ಜದೆ ಹೊರಡುವ ಜಾಯಮಾನ ಅವಳದ್ದಲ್ಲ. ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಚಪ್ಪಲಿ ಮೆಟ್ಟಿದಳು. ಎದುರುಮನೆಯ ಅಜ್ಜಿ ಮೆಟ್ಟಿಲ ಪಕ್ಕದ ಕುಂಡಗಳಿಗೆ ನೀರು ಹಾಕುತ್ತಿದ್ದರು.

“ಎದ್ರಾ? ಅವಳನ್ನ ಆಗ್ಲೇ ಕರ್ಕೊಂಡು ಹೋದ್ರಲ್ಲಮ್ಮ. ನಿಮ್ಮನ್ನ ಎಬ್ಬಿಸೋಕೆ ಅವಳಿಗೆ ಮನಸ್ಸು ಬರ್ಲಿಲ್ಲ. ಪಾಪ, ಮಲಗ್ಲಿ ಅಂದ್ಲು.”

ಮಂತ್ರಿ ಮಹೋದಯರ ಮಾತನ್ನೆಲ್ಲ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿ ಸಂಬಳ ಎಣಿಸುವ ದುಭಾಷಿ ಅವಳು. ‘ಕರ್ಕೊಂಡು ಹೋದ್ರು’ ಎಂದರೆ ಎಲ್ಲಿಗೆ, ಯಾವಾಗ ಎಂದು ಕೇಳಬೇಕೆಂದು ಅಂಥವಳಿಗೇ ಹೊಳೆಯಲಿಲ್ಲ. ದಡದಡ ಇಳಿದು ಟ್ಯಾಕ್ಸಿ ಹತ್ತಿದಳು.

“ಬೇಗ ಓಡ್ಸಪ್ಪಾ, ದಮ್ಮಯ್ಯ!”

“ಎಲ್ರೂ ಕೆಲಸ ಮುಗಿಸ್ಕೊಂಡು ಮನೆಗೆ ಹೋಗೋ ಹೊತ್ತು ಮೇಡಂ. ಹಾರ್ಕೊಂಡು ಹೋಗೋಕಾಗುತ್ತಾ?”

ಅದೂ ಅವಳ ಕಿವಿಗೆ ಬೀಳಲಿಲ್ಲ. ಮನಸ್ಸೆಲ್ಲ ಹೋದ ಸಲದ ಮೇಲಿತ್ತು. ಆಗಲೂ ತಂಗಿ ಕರೆದಿದ್ದಳು. ಆಗ ಇವಳು ಎಲ್ಲೋ ದೂರದ ಸಭೆಯೊಂದರಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದಳು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮಗು ಉಳಿದಿರಲಿಲ್ಲ. ತಂಗಿ ಬೈಯಲಿಲ್ಲ. ‘ನೀನಿದ್ದಿದ್ರೆ ಅಷ್ಟು ಹೆದರಿಕೆ ಆಗ್ತಿರ್ಲಿಲ್ಲ’ ಎಂದಷ್ಟೇ ಅಂದಿದ್ದಳು. ಬೈದಿದ್ದರೇ ವಾಸಿಯಾಗಿತ್ತು.

ಆಸ್ಪತ್ರೆಯ ರೂಮಿನ ಬಾಗಿಲು ದೂಡಿದರೆ, ತಂಗಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದಳು.

“ಮಗು ಎಲ್ಲೇ? ಎಲ್ಲಾ ಸರಿಯಾಯ್ತಾ? ಮಗು ಎಲ್ಲಿ?”

“ಮಗುನಾ?” ತಂಗಿ ಬಗ್ಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. “ಇಲ್ಲೇ ಇದೆಯಲ್ಲಾ! ಎಲ್ಲಿಗೆ ಹೋಗುತ್ತೆ?”

“ಮತ್ತೆ ಆರು ಗಂಟೆಗೆ ಅಂದಿದ್ರು...”

“ನಾಳೆ ಬೆಳಗ್ಗೆ ಆರಕ್ಕೆ ಕಣಕ್ಕಾ. ಈಗಿನ್ನೂ ಸಂಜೆ. ಇವತ್ತೇ ಬಂದು ಸೇರ್ಕೊಳ್ಳಿ ಅಂದ್ರು, ಬಂದ್ವಿ. ಅದಿರ್ಲಿ, ಕೈಲಿ ಬ್ರಷ್ ಯಾಕೆ?”

ಅಕ್ಕ ಕೈಯಲ್ಲಿದ್ದ ಬ್ರಷ್ಷು ನೋಡಿದಳು. ಕಿಟಕಿ ನೋಡಿದಳು. ಹೊರಗೆ ಬೆಳಕು ಏರುವ ಬದಲು ಇಳಿಯುತ್ತಿತ್ತು. ಹೋದ ಜೀವ ಬಂದಂತಾಗಿ ಸ್ಟೂಲಿನ ಮೇಲೆ ಕುಸಿದಳು. ಸದ್ಯ, ಏನೂ ತಪ್ಪಿಹೋಗಿಲ್ಲ!

“ನಿನ್ನ ಲೆಕ್ಕದಲ್ಲಿ ಈಗ ಎಷ್ಟು ಗಂಟೆ?” ತಂಗಿಗೆ ನಗು ತಡೆಯಲಾಗಲಿಲ್ಲ.

“ಯಾರಿಗ್ಗೊತ್ತು! ಗೋಡೆಗೊಂದು ಗಂಟೆ, ಕಣ್ಣಿಗೊಂದು, ಹೊಟ್ಟೆಗೊಂದು.”

ಇಬ್ಬರೂ ನಕ್ಕರು. ತಂಗಿಯ ಹೊಟ್ಟೆ ಕುಲುಕುವಷ್ಟು ನಕ್ಕರು. ನಗುತ್ತಲೇ ಅಕ್ಕನ ಕಣ್ಣು ತುಂಬಿಕೊಂಡಿತು.

“ಈ ಸಲಾನೂ ಹೊತ್ತಿಗೆ ಬರ್ಲಿಲ್ಲ ಅಂತ ಪ್ರಾಣಾನೇ ಹೋಗಿತ್ತು ಕಣೇ.”

ತಂಗಿ ಅವಳ ಕೈಯನ್ನೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒಂದು ಒದೆ ಬಿತ್ತು.

“ಇದಿನ್ನೂ ಬಂದಿಲ್ಲ,” ಎಂದಳು ತಂಗಿ. “ಇದಕ್ಕಿಂತ ಮುಂಚೆ ನೀನು ಬಂದ್ಯಲ್ಲಾ, ಬಿಡು.”