ಜಲಜ ಚಿಕ್ಕಮ್ಮ ಹೇಳಿದ ಮಾತು

ಬಾಡಿದ ಬಾಳೆಲೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಬೀಜಾಡಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗೆ ಸೀತಾಳೆ ಸಿಡುಬು ಎದ್ದಿತ್ತು. ಮೈಯುರಿ ತಣಿಯಲೆಂದು ಬಾಳೆಲೆಯ ಮೇಲೆ ಮಲಗಿಸಿದ್ದರು. ಬಸುರಿಯಾಗಿದ್ದ ಅಮ್ಮ ನನ್ನ ಹತ್ತಿರ ಬರಲು ಹೊರಟಾಗ, ಆ ವರ್ಷವಷ್ಟೇ ಉಪ್ಪುಂದದಿಂದ ಮದುವೆಯಾಗಿ ಬಂದಿದ್ದ ಜಲಜ ಚಿಕ್ಕಮ್ಮ ಬಾಗಿಲಲ್ಲೇ ತಡೆದಳು.

"ನೀವ್ ಬಪ್ಪುಕಾಗ ಅಕ್ಕ. ನಂಗ್ ಸಣ್ಣಕ್ಕಿಪ್ಪತಿಗೇ ಆಯ್ತ್, ಮತ್ತ್ ಬತ್ತಿಲ್ಲೆ. ಮಗೂನ ನಾ ನೋಡ್ಕಂತೆ."

ಚಿಕ್ಕಂದಿನಲ್ಲೇ ಸಿಡುಬು ಬಂದುಹೋಗಿದೆ ಎಂಬ ಅವಳ ಮಾತನ್ನು ಎಲ್ಲರೂ ನಂಬಿದರು. ಅವಳು ನಾನು ಕೆರೆದುಕೊಳ್ಳದಂತೆ ನನ್ನ ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡು, ಬೇವಿನ ಸೊಪ್ಪಿನಿಂದ ಬೆನ್ನು ಸವರುತ್ತಾ ಕುಳಿತಳು.

ನನ್ನ ಗುಳ್ಳೆಗಳು ಒಣಗಿದ ಮೇಲೆ ಅವಳ ಮೈಮೇಲೆ ಎದ್ದವು. ಜ್ವರ ಎದೆಗಿಳಿಯಿತು. ಚಿಕ್ಕಮ್ಮ ಉಳಿಯಲಿಲ್ಲ.

ಸುದ್ದಿ ಕೇಳಿ ಬಂದ ಅವಳ ತಾಯಿ ಮಗಳ ಕಾಲ ಬಳಿ ಕುಸಿದು ಕುಳಿತರು.

"ಸಣ್ಣಕ್ಕಿಪ್ಪತಿಗೇ ಆಯ್ತ್ ಅಂದಿದ್ಲ್" ಎಂದರು ನನ್ನ ಅಜ್ಜಿ.

"ಇವ್ಳಿಗಾ? ಯಾವತ್ತೂ ಆಯ್ಲಿಲ್ಲೆ" ಎಂದರು ಆ ತಾಯಿ.

ಅಮ್ಮ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೊರಗಿದಳು.

ತಂಗಿ ಹುಟ್ಟಿದಾಗ ಅವಳಿಗೆ ಜಲಜ ಎಂದೇ ಹೆಸರಿಟ್ಟರು. ಅಮ್ಮನಿಗೆ ಮಾತ್ರ ಆ ಹೆಸರು ಬಾಯಿಗೆ ಬರಲಿಲ್ಲ. ತಾನಿರುವವರೆಗೂ ಅವಳನ್ನು ‘ಮಗಾ’ ಎಂದೇ ಕರೆದಳು.