ಇಂಗಿನ ಘಮ

ಬಂಡೀಪುರದ ಆಚೆಯ ಕಾಡು ಬೇಸಿಗೆಯುದ್ದಕ್ಕೂ ಉರಿಯತೊಡಗಿದ ಮೇಲೆ, ಮೈಸೂರಿನವರಿಗೆ ಮಳೆಗಾಲ, ಚಳಿಗಾಲಗಳ ಜೊತೆಗೆ ಹೊಗೆಗಾಲವೂ ಒಂದಾಯಿತು. ಕಿಟಕಿ ತೆರೆಯುವಂತಿಲ್ಲ, ಮನೆಯೊಳಗೆ ಒಗ್ಗರಣೆ ಹಾಕುವಂತಿಲ್ಲ. ಇಡೀ ಕಟ್ಟಡಕ್ಕೆ ಕೆಳಗಿನ ಒಂದೇ ದೊಡ್ಡ ಫಿಲ್ಟರಿನಿಂದ ಗಾಳಿ. ಅದನ್ನು ಪರೀಕ್ಷಿಸಲೆಂದೇ ನೆಲಮಹಡಿಯ ಚೆಲುವಾಂಬ ದಿನಾ ಬೆಳಿಗ್ಗೆ ಅದು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಇಂಗಿನ ಒಗ್ಗರಣೆ ಹಾಕುತ್ತಿದ್ದಳು. ಮೇಲಿನ ಮನೆಗಳಿಗೆ ಘಮ ಬರದಿದ್ದರೆ ಫಿಲ್ಟರಿನ ಇದ್ದಿಲಿನಲ್ಲಿ ಇನ್ನೂ ಕಸುವಿದೆ ಎಂದು ಅರ್ಥ. ಬಂತೆಂದರೆ, ಹೊಸದು ಕೂರಿಸುವವರೆಗೆ ಎಲ್ಲರಿಗೂ ಮಾಸ್ಕ್.

ಮೂರನೆಯ ಮಹಡಿಯ ಶಿವನಂಜಮ್ಮ ಗಂಡನಿಗೆ ಗಂಜಿ ಬಡಿಸುತ್ತಿದ್ದಳು. ಉಬ್ಬಸದ ಮಾದಪ್ಪ ಹೊಗೆಗಾಲ ಬಂದಾಗಿನಿಂದ ಊಟವನ್ನು ಔಷಧಿಯಂತೆ ನುಂಗುತ್ತಿದ್ದ. ಇವತ್ತು ತಟ್ಟೆ ಬಿಟ್ಟು ಗೋಡೆಯ ಗಾಳಿಕಿಂಡಿಯತ್ತ ಮುಖವೆತ್ತಿದ.

“ಲೇ ನಂಜೀ, ಇಂಗು ಕಣೇ! ನಮ್ಮವ್ವ ಹಾಕ್ತಿದ್ದಂಗೇ ಘಮ್ ಅಂತೈತೆ!”

ಘಮ ಅವಳಿಗೂ ತಟ್ಟಿತ್ತು. ಬಾಯಲ್ಲಿ ನೀರೂ ಬಂದಿತ್ತು. ಪಕ್ಕದ ಮನೆಗಳ ಬಾಗಿಲು ಬಡಿದು ಹೇಳಬೇಕಿತ್ತು. ಮೊದಲು ಗೂಟದಿಂದ ಗಂಡನ ಮಾಸ್ಕ್ ತೆಗೆದಳು.

“ಫಿಲ್ಟರು ಸೋತೈತೆ. ಹಾಕ್ಕಳ್ಳಿ.”

“ಗೊತ್ತು ಕಣೇ. ಇನ್ನೊಂದು ಸಲ ಎಳ್ಕತೀನಿ, ತಡಿ.”

ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಹಸಿವು ಕಂಡಿತ್ತು.

“ಒಂದೇ ಸಲ,” ಎಂದಳು ಶಿವನಂಜಮ್ಮ. ಮಾಸ್ಕಿನ ದಾರ ಅಗಲಿಸಿ ಹಿಡಿದುಕೊಂಡೇ, ತಾನೂ ಮೆಲ್ಲಗೆ ಒಂದು ಸಲ ಉಸಿರೆಳೆದುಕೊಂಡಳು.